ಕುನೆಗುಂದಾ ಎಂಬ ಬಿಳುಪು

ಕತ್ತಲೆ ಕೋಣೆಯೊಳಗೆ ಹೋದವರು ಮೊದಲು ಬಾಯಿ ಬಿಡಬೇಕು. ಬೆಳಕು ಅಳೆಯುವ ಮೀಟರು ಬಾಯಿ ಬಿಡುವುದು ಆಮೇಲೆ. ಇದು ಪ್ರೊಫೆಸರ್ ಹಿಲಾರಿ ವ್ರೊನೆತ್ಸ್ಕಿ ಹಾಕಿಕೊಟ್ಟ ಕಟ್ಟಳೆ. ಕುಲುಮೆಯಿಂದ, ನೀಲಿ ಬೆಳಕನ್ನು ಬಿಳಿಯಾಗಿಸುವ ಹೊಸ ಪುಡಿ ಹೊರಬಂದಾಗಲೆಲ್ಲ ಅದನ್ನು ನೀಲಿ ದೀಪದ ಚಿಪ್‌ನ ಮೇಲೆ ಮೆತ್ತಿ, ಕಣ್ಣು ಕತ್ತಲೆಗೆ ಪಳಗುವವರೆಗೆ ಎಲ್ಲರೂ ಸ್ಟೂಲುಗಳ ಮೇಲೆ ತೆಪ್ಪಗೆ ಕೂತು, ದೀಪ ಹೊತ್ತಿದ ಕೂಡಲೇ ತಮಗೆ ಕಂಡದ್ದನ್ನು ಒಬ್ಬೊಬ್ಬರಾಗಿ ಗಟ್ಟಿಯಾಗಿ ಹೇಳಬೇಕು. ನೆಲ ಒರೆಸಲು ಬಂದವರಾಗಲಿ, ದೇಶ ಆಳುವ ಮಂತ್ರಿಯಾಗಲಿ, ಒಳಗೆ ಕಾಲಿಟ್ಟ ಮೇಲೆ ಹೇಳದೆ ಹೊರಗೆ ಹೋಗುವಂತಿಲ್ಲ. "ಯಂತ್ರದ ಮಾತು ಒಂದ್ಸಲ ಕಿವಿಗೆ ಬಿತ್ತು ಅಂದ್ರೆ ಕಣ್ಣು ಹೆದರಿಕೊಂಡು ಅದಕ್ಕೇ ತಾಳ ಹಾಕುತ್ತೆ" ಅನ್ನುವುದು ಪ್ರೊಫೆಸರರ ವಾದ.

ಆ ದಿನ ಕೋಣೆಯಲ್ಲಿ ಮೂವರಿದ್ದರು. ಪ್ರೊಫೆಸರರು, ಪುಡಿ ಬೇಯಿಸಿದ ರಸಾಯನಶಾಸ್ತ್ರಜ್ಞೆ ಲುಡ್ವಿಕಾ, ಪುಡಿಗೆ ಏನೇನು ಹಾಕಬೇಕೆಂದು ಕಂಪ್ಯೂಟರಿನಿಂದ ಹೇಳಿಸಿದ ಗಣಿತದ ಕೊರ್ದಿಯಾನ್. ದೀಪ ಹೊತ್ತಿತು.

"ಒಗೆದು ಒಣಹಾಕಿದ ನಾರುಬಟ್ಟೆ" ಅಂದರು ಪ್ರೊಫೆಸರರು.

"ಅಪ್ಪಟ ಹಗಲು" ಅಂದ ಕೊರ್ದಿಯಾನ್. ಅವನ ದನಿಯಲ್ಲಿ ಹೆರಿಗೆ ಕೋಣೆಯ ಹೊರಗೆ ನಿಂತ ಗಂಡಸಿನ ಸಂಭ್ರಮವಿತ್ತು.

ಲುಡ್ವಿಕಾ ತಡವಾಗಿ ಹೇಳಿದಳು. "ಜನವರಿ ಬೆಳಗು. ಹಿಮ ಬಿದ್ದಿದೆ, ಸೂರ್ಯ ಇನ್ನೂ ಹುಟ್ಟಿಲ್ಲ. ಯಾರೋ ಹೊದಿಕೆ ಕಿತ್ತು ಎಬ್ಬಿಸಿದ ಹಾಗಿದೆ."

"ಪಾನಿ ಲುಡ್ವಿಕಾ, ಬಣ್ಣ ಕೇಳಿದ್ರೆ ಕತೆ ಹೇಳ್ತೀರಲ್ಲ!" ಎಂದು ಪ್ರೊಫೆಸರರು, ಅಲ್ಲಿನ ಹೆಂಗಸರಿಗೆ ಸಲ್ಲುವ 'ಪಾನಿ' ಎಂಬ ಮರ್ಯಾದೆಯನ್ನು ಬಿಡದೆ, ನಕ್ಕರು. ಮೀಟರು ಹೊಗಳಿತು. ಪುಡಿಗಳಿಗೆ ಅವು ಕುಲುಮೆಯಿಂದ ಹೊರಬಿದ್ದ ದಿನದ ಸಂತಳ ಹೆಸರನ್ನೋ ಸಂತನ ಹೆಸರನ್ನೋ ಕ್ಯಾಲೆಂಡರು ನೋಡಿ ಇಡುವುದು ಆ ಪ್ರಯೋಗಾಲಯದ ರೂಢಿ. ಇದಕ್ಕೆ ಕುನೆಗುಂದಾ ಎಂದು ಹೆಸರಾಯಿತು. ದೀಪದ ಕಂಪನಿಯವರಿಗೆ ಅದೇ ಬೇಕೆಂದು ಮರುವಾರವೇ ಫೋನು ಬಂತು. ಮೊದಲು ಒಂದು ಸಾಲು ದೀಪಕ್ಕಾಗುವಷ್ಟು, ಆಮೇಲೆ ಬುಟ್ಟಿಗಟ್ಟಲೆ.

ಲುಡ್ವಿಕಾಳ ತಲೆಯೊಳಗೆ ಹುಳ ಹೊಕ್ಕಿದ್ದು ಆ ಫೋನಿನಿಂದಲ್ಲ, ಅಪೊಲೋನಿಯಾಳಿಂದ.

ಅಪೊಲೋನಿಯಾ ಕುನೆಗುಂದಾಗಿಂತ ಹಿಂದಿನ ತಿಂಗಳು ಲುಡ್ವಿಕಾ ತನ್ನದೇ ಅಂದಾಜಿನಲ್ಲಿ ಬೇಯಿಸಿದ ಪುಡಿ. ಆಗತಾನೆ ಮುರಿದ ರೈ ರೊಟ್ಟಿಯ ಒಳಮೈಯ ಬಿಳುಪು ಅದರದು. ಅದರ ಬೆಳಕಿನಲ್ಲಿ ಹಿಡಿದ ಬೀಟ್‌ರೂಟ್ ಸಾರು ಬೀಟ್‌ರೂಟ್ ಸಾರಾಗಿಯೇ ಕಾಣುತ್ತಿತ್ತು. ಮನುಷ್ಯರ ಕೈ ಮನುಷ್ಯರ ಕೈಯಂತೆಯೇ ಇರುತ್ತಿತ್ತು. ಬಿಳಿ ದೀಪಕ್ಕೆ ಬೇರೆ ಇನ್ನೇನು ಬೇಕು? ಆದರೂ ಕಂಪ್ಯೂಟರು ಅದನ್ನು ಮೂಲೆಗೊತ್ತಿತ್ತು. ಆ ಕಂಪ್ಯೂಟರಿನ ಲೆಕ್ಕಕ್ಕೆ ಎಲ್ಲರೂ ಕಣಿಯಜ್ಜಿ ಎನ್ನುತ್ತಿದ್ದರು. ಅಂಡ್ಜೆಯ್ ಹಬ್ಬದ ಸಂಜೆ ಹುಡುಗಿಯರು ಬೀಗದ ಕೈಯ ತೂತಿನಿಂದ ಕರಗಿದ ಮೇಣವನ್ನು ನೀರಿಗೆ ಸುರಿದು ಗಂಡನ ಮೂಗು ಹುಡುಕುತ್ತಾರಲ್ಲ, ಹಾಗೇ ಈ ಅಜ್ಜಿ ಲಕ್ಷಾಂತರ ಬೆರಕೆಗಳಲ್ಲಿ ಬೆಳಕು ಹುಡುಕುತ್ತಿದ್ದಳು. ಇದೇ ಕುಲುಮೆಯಲ್ಲಿ ಇವರೇ ಬೇಯಿಸಿ ಅಳೆದ ಹಳೆಯ ಪುಡಿಗಳೆಲ್ಲ ಅವಳ ಪಾಠಶಾಲೆ. ಅವನ್ನೆಲ್ಲ ಓದಿಕೊಂಡು, ಯಾರೂ ಇನ್ನೂ ಬೇಯಿಸದ ಬೆರಕೆಗೆ ಇಷ್ಟು ಅಂಕ, ಅದಕ್ಕೆ ಅಷ್ಟು ಅಂಕ ಎಂದು ಮುಂಚೆಯೇ ನುಡಿಯುತ್ತಿದ್ದಳು. ಅಂಕ ಹೆಚ್ಚಾದದ್ದು ಕುಲುಮೆಗೆ, ಕಡಿಮೆಯಾದದ್ದು ಕಸಕ್ಕೆ.

"ಅಪೊಲೋನಿಯಾಗೆ ಯಾಕಪ್ಪ ಕಡಿಮೆ ಅಂಕ?" ಎಂದು ಲುಡ್ವಿಕಾ ಕೇಳಿದ್ದಳು.

"ಹಲ್ಲುನೋವಿನ ಸಂತಳಲ್ವಾ ಪಾನಿ ಲುಡ್ವಿಕಾ, ಅಜ್ಜಿಗೆ ಹಲ್ಲೇ ಇಲ್ಲ, ಅದಕ್ಕೆ ಇಷ್ಟ ಆಗಿಲ್ಲ" ಎಂದು ಕೊರ್ದಿಯಾನ್ ನಗೆಚಟಾಕಿ ಹಾರಿಸಿದ. ಹಾರಿಸುತ್ತಲೇ ಲ್ಯಾಪ್‌ಟಾಪಿನ ಮುಚ್ಚಳವನ್ನು ಮೆಲ್ಲನೆ ಇಳಿಸಿದ.

ನಗೆಗಿಂತ ಆ ಮುಚ್ಚಳ ಜೋರಾಗಿ ಕೇಳಿಸಿತು ಅವಳಿಗೆ. ಅಂದಿನಿಂದ ಅವಳು ಅವನ ಕೈಗಳನ್ನೇ ನೋಡತೊಡಗಿದಳು. ಅವಳು ಹತ್ತಿರ ಬಂದರೆ ಪರದೆ ಬದಲಾಗುತ್ತಿತ್ತು. ಕಂಪನಿಯ ಸೆವೆರಿನ್‌ನ ಫೋನು ಬಂದರೆ ಮೆಟ್ಟಿಲ ಸಂದಿಗೆ ಹೋಗಿ ಮಾತಾಡುತ್ತಿದ್ದ. ಕುಲುಮೆಯನ್ನೇ ಮುಚ್ಚಿಸುವ ಹುನ್ನಾರವೇ? ನಮ್ಮ ಅಳತೆಗಳನ್ನೆಲ್ಲ ಕಟ್ಟಿ ಒಯ್ದು ಮಾರುವ ಸಂಚೇ? ಗ್ಯಾಸಿನ ಕೊಳವೆಗೆ ಸೋಪುನೀರು ಹಚ್ಚಿ ಗುಳ್ಳೆ ಏಳುವುದನ್ನು ಹುಡುಕುವವಳ ಹಾಗೆ ಅವಳು ಎಲ್ಲರ ಮಾತಿಗೂ ಕಿವಿ ಹಚ್ಚಿದಳು. ಗುಳ್ಳೆ ಎದ್ದದ್ದು ಮಾತ್ರ ಅವಳ ಮನೆಯಲ್ಲಿ.

ಊರಂಚಿನ ಬಹುಮಹಡಿ ಕಟ್ಟಡದ ಎರಡು ಕೋಣೆಯ ಮನೆಯಲ್ಲಿ ಅವಳ ಜೊತೆಗಿದ್ದವಳು ತಂಗಿ ಬೋಗ್ನಾ. ಪಾರ್ಸೆಲ್ ಗೋದಾಮಿನಲ್ಲಿ ರಾತ್ರಿಪಾಳಿ. ಬೆಲ್ಟಿನ ಮೇಲೆ ಹರಿದು ಬರುವ ಡಬ್ಬಿಗಳನ್ನು ಅಂಟಿಸಿದ ಚೀಟಿಯ ಬಣ್ಣ ನೋಡಿ ಬೇರೆ ಬೇರೆ ಬೋನುಗಳಿಗೆ ಎಸೆಯುವ ಕೆಲಸ. ವರ್ಷಗಳಿಂದ ಬೆಳಿಗ್ಗೆ ಬಂದವಳೇ ಬೂಟು ಕಳಚುವಷ್ಟರಲ್ಲಿ ಗೊರಕೆ ಹೊಡೆಯುತ್ತಿದ್ದವಳು ಈಚೆಗೆ ಮಧ್ಯಾಹ್ನದವರೆಗೂ ಕಣ್ಣು ಕಿಸಿದುಕೊಂಡು ಬಿದ್ದಿರುತ್ತಿದ್ದಳು. ಕಿಟಕಿಗೆ ಕಂಬಳಿ ಹೊಡೆದಳು. ಕಿವಿಗೆ ಹತ್ತಿ ತುರುಕಿದಳು. ಬಿಸಿ ಹಾಲಿಗೆ ಜೇನು ಹಾಕಿ ಕುಡಿದಳು. ಊಹೂಂ.

"ಕಣ್ಣು ಮುಚ್ಚಿದ್ರೂ ಒಳಗಡೆ ಬೆಳಗಾಗಿರುತ್ತೆ ಅಕ್ಕಾ" ಅಂದಳು ಒಂದು ದಿನ. "ನಮ್ಮ ಸಾಲಿಗೆ ಹೊಸ ದೀಪ ಹಾಕಿದಾರೆ. ಕೆಲಸ ಮಾಡೋವಾಗ ಏನೋ ಹುರುಪು ಕಣೇ, ಕೈ ನಿಲ್ಲೋದೇ ಇಲ್ಲ. ಮೇಸ್ತ್ರಿ ಹಲ್ಲು ಕಿರೀತಾನೆ, ಹೆಂಗಸ್ರಾ, ನಿಮಗೆ ಮತ್ತೆ ಹದಿನೆಂಟು ಬಂತು ಅಂತ. ಬೆಲ್ಟು ನಿಂತ ಮೇಲೆ ಮಾತ್ರ ಈ ಮೈ ನಿಲ್ಲಲ್ಲ."

"ಟೀ ಕಡಿಮೆ ಮಾಡು."

"ಟೀ ಬಿಟ್ಟು ಯಾವ ಕಾಲ ಆಯ್ತು! ಸಂತ ಆಗೋದೊಂದು ಬಾಕಿ."

ಅದೇ ವಾರ ಬೋಗ್ನಾ ನಿಂತಲ್ಲೇ ತೂಕಡಿಸಿ ಕುದಿಯುವ ಕೆಟಲನ್ನು ತನ್ನ ಕೈಮೇಲೆ ಬಗ್ಗಿಸಿಕೊಂಡಳು. ಬೊಕ್ಕೆ ಎದ್ದ ಕೈಗೆ ಪಟ್ಟಿ ಸುತ್ತುತ್ತ ಲುಡ್ವಿಕಾ ತಂಗಿಯ ಮುಖ ನೋಡಿದಳು. ಕಣ್ಣ ಕೆಳಗೆ ಹೊಗೆ ಹಿಡಿದ ಪಾತ್ರೆಯ ಬಣ್ಣ. ಇಂಥವಳು ನಾಳೆ ಬೆಲ್ಟಿನ ಉರುಳೆಗೆ ಕೈ ಕೊಟ್ಟರೆ? ಟ್ರಾಮಿನ ಹಳಿ ದಾಟುವಾಗ ಜೋಂಪು ಹತ್ತಿದರೆ?

ಮರುಸಂಜೆ ಬೋಗ್ನಾ ಊಟದ ಡಬ್ಬಿ ಮರೆತು ಹೋಗಿದ್ದಳು. ಅದನ್ನು ಕೊಡಲು ಲುಡ್ವಿಕಾ ಗೋದಾಮಿನ ಗೇಟಿಗೆ ಹೋದಳು. ಲಾರಿಗೆ ತೆರೆದ ದೊಡ್ಡ ಬಾಗಿಲಿನಿಂದ ಬೆಳಕು ಅಂಗಳದ ಕೆಸರಿನವರೆಗೂ ಚೆಲ್ಲಿತ್ತು. ಸಾಲು ಹೆಂಗಸರು ಕೋಟು ಬಿಚ್ಚುತ್ತ ಒಳಗೆ ಹೋಗುತ್ತಿದ್ದರು. ಆ ಬಿಳುಪು ಕಂಡದ್ದೇ ಲುಡ್ವಿಕಾ ಗಕ್ಕನೆ ನಿಂತಳು. ಯಾರೋ ಹೊದಿಕೆ ಕಿತ್ತ ಹಾಗೆ.

ಬೆಳಕಿನ ಕಸುಬಿನವರು ಚೀಲದಲ್ಲಿ ಬಾಚಣಿಗೆ ಇಲ್ಲದಿದ್ದರೂ ಒಂದು ರೋಹಿತದ ಕೊಳವೆ ಇಟ್ಟುಕೊಂಡಿರುತ್ತಾರೆ. ಬೆರಳುದ್ದದ ಹಿತ್ತಾಳೆ ಕೊಳವೆ; ಒಂದು ತುದಿಗೆ ಕಣ್ಣಿಟ್ಟರೆ ಯಾವ ದೀಪವಾದರೂ ತನ್ನ ಬಣ್ಣಗಳನ್ನೆಲ್ಲ ಬಿಚ್ಚಿ ಹರವುತ್ತದೆ. ಮಾಮೂಲಿ ಬಿಳಿ ದೀಪದಲ್ಲಿ ನೀಲಿಗೂ ಹಸಿರಿಗೂ ನಡುವೆ ಕಪ್ಪು ಕಂದರ ಇರುತ್ತದೆ. ಇಲ್ಲಿ ಕಂದರವೇ ಇರಲಿಲ್ಲ. ಅದರ ತುಂಬ ಸಮುದ್ರದ ಬಣ್ಣ ತುಂಬಿಕೊಂಡು ಬಲಕ್ಕೆ ಸಣ್ಣದೊಂದು ಗೂನು ಬೆಳೆದಿತ್ತು. ಹಿಂದಿನಿಂದ ನಡಿಗೆ ಕಂಡರೆ ಸಾಕು, ತಾಯಿಗೆ ಮಗಳು ಗೊತ್ತಾಗುತ್ತಾಳೆ. ಕುನೆಗುಂದಾ. ತಾನು ಅಗೇಟು ಕಲ್ಲಿನ ಒರಳಲ್ಲಿ ಅರೆದು, ಕುಲುಮೆಯ ಗಾಳಿಯನ್ನು ತುತ್ತುತುತ್ತಾಗಿ ಹದ ಮಾಡಿ, ಬೇಯಿಸಿ ಕಳಿಸಿದ ಕುನೆಗುಂದಾ.

"ಏನಕ್ಕಾ ಕಣ್ಣಿಗೆ ಕೊಳಲು ಊದ್ತಿದೀಯ?" ಎಂದು ಬೋಗ್ನಾ ಡಬ್ಬಿ ಕಸಿದುಕೊಂಡಳು.

ಲುಡ್ವಿಕಾ ಕೊಳವೆಯನ್ನು ಚೀಲಕ್ಕೆ ತುರುಕಿದಳು.

*

ತಕ್ಕಡಿ ಮೋಸದ್ದೋ ಅಲ್ಲವೋ ತಿಳಿಯಬೇಕಾದರೆ ಅಂಗಡಿಯವನನ್ನು ಕೇಳಿ ಪ್ರಯೋಜನವಿಲ್ಲ. ನಮ್ಮದೇ ಬಟ್ಟು ಇಟ್ಟು ತೂಗಬೇಕು. ಬೆಳಿಗ್ಗೆ ಲುಡ್ವಿಕಾ ಕೊರ್ದಿಯಾನ್‌ನ ಪಕ್ಕ ಕುರ್ಚಿ ಎಳೆದು ಕೂತಳು.

"ಅಜ್ಜಿ ಹತ್ರ ಸ್ವಲ್ಪ ಮಾತಾಡ್ಬೇಕು. ಮುಚ್ಚಳ ತೆಗಿ."

"ಈಗ ಬೇರೆ ಲೆಕ್ಕ ಓಡ್ತಿದೆ, ಪಾನಿ ಲುಡ್ವಿಕಾ..."

"ಓಡ್ಲಿ. ನಾನು ಅಡ್ಡ ನಿಲ್ಲಲ್ಲ. ಬರೀ ಒಂದೊಂದು ಬೆರಕೆ ಕೇಳ್ತೀನಿ, ಅಂಕ ಹೇಳ್ಸು."

ಅವನು ಕತ್ತು ಕೆರೆದುಕೊಂಡ. ಕೊನೆಗೆ ಮುಚ್ಚಳ ಎತ್ತಿದ.

ಅವಳು ಇಟ್ಟ ಬಟ್ಟುಗಳೆಲ್ಲ ಅವಳು ಕೈಯಾರೆ ಬೇಯಿಸಿದವು. ಯಾವುದು ಯಾವ ಬಣ್ಣ ಕಾರುತ್ತದೆಂದು ಅವಳ ಕಣ್ಣಿಗೆ ಗೊತ್ತಿದ್ದವು. ಮೊದಲು ಅಪೊಲೋನಿಯಾ. ಅಂಕ ಕಡಿಮೆ. ಅದರಲ್ಲಿನ ಸ್ಟ್ರಾನ್ಷಿಯಂ ಒಂದು ಚೂರು ತೆಗೆದು ಅಷ್ಟೇ ಬೇರಿಯಂ ಹಾಕು ಅಂದಳು. ಬೇರಿಯಂ ಹೆಚ್ಚಿದಷ್ಟೂ ಇಂಥ ಪುಡಿಯ ಬೆಳಕು ಹಳದಿ ಬಿಟ್ಟು ಸಮುದ್ರದ ಬಣ್ಣಕ್ಕೆ ಜಾರುತ್ತದೆ, ಇದು ಅವರ ಕಸುಬಿನ ಓನಾಮ. ಅಂಕ ಏರಿತು. ಇನ್ನೊಂದು ಚೂರು. ಇನ್ನೂ ಏರಿತು. ಇನ್ನೊಂದು. ಈಗ ಬೀಟ್‌ರೂಟ್ ಸಾರು ಆ ಬೆಳಕಿನಲ್ಲಿ ಕೊಚ್ಚೆಯಂತೆ ಕಾಣಬೇಕು, ಅಷ್ಟು ಕೆಟ್ಟ ಬಿಳುಪು. ಆದರೂ ಅಂಕ ಏರಿತು.

"ನಿಮ್ಮಜ್ಜಿ ಕಣಿ ಹೇಳ್ತಿಲ್ಲ ಕೊರ್ದಿಯಾನ್" ಅಂದಳು ಲುಡ್ವಿಕಾ ಮೆತ್ತಗೆ. "ಯಾರೋ ಬಾಯಿಪಾಠ ಮಾಡ್ಸಿದ್ದನ್ನ ಒಪ್ಪಿಸ್ತಿದಾಳೆ. ಬಿಳಿ ಅಂದ್ರೆ ಏನು ಅಂತ ಅವಳಿಗೆ ಹೇಳ್ಕೊಟ್ಟವರು ಯಾರು?"

ಕೊರ್ದಿಯಾನ್ ಟೀ ಗ್ಲಾಸಿನೊಳಗಿನ ನಿಂಬೆ ಹೋಳನ್ನು ಚಮಚದಿಂದ ಚುಚ್ಚತೊಡಗಿದ.

"ಕಂಪನಿಯವ್ರು. ಯಾವುದಕ್ಕೆ ಎಷ್ಟು ಅಂಕ ಅನ್ನೋದು ಅವರದ್ದು, ಹುಡುಕೋದು ನಂದು. ಬಣ್ಣಕ್ಕೆ ಅರ್ಧ. ಇನ್ನರ್ಧ... ಎಚ್ಚರಕ್ಕೆ."

"ಎಚ್ಚರ?"

"ಕಣ್ಣಿನ ಹಿಂದುಗಡೆ, ನೋಡೋಕಲ್ಲದೇ ಬೇರೆ ಕೆಲಸಕ್ಕಿರೋ ಜೀವಕೋಶ ಇವೆಯಲ್ಲ, ನೀಲಿ ಹಸಿರಿನ ನಡುವಿನ ಬೆಳಕು ಬಿದ್ರೆ ಬೆಳಗಾಯ್ತು ಅಂತ ಮೈಗೆ ಡಂಗುರ ಹೊಡೆಯೋವು. ಅದಕ್ಕೆ. ಆಸ್ಪತ್ರೆ ಡಾಕ್ಟರ್‌ಗಳಿಗೆ, ರಾತ್ರಿ ರೈಲು ಓಡ್ಸೋರಿಗೆ ಅಂತ ಸೆವೆರಿನ್ ಹೇಳಿದ್ರು. ಒಳ್ಳೇದೇ ಅಲ್ವಾ ಅನ್ಕೊಂಡೆ. ಹೊರಗೆ ಹೇಳಬಾರದು ಅಂತ ಮಾತು ತಗೊಂಡ್ರು."

"ಒಳ್ಳೇದಾಗಿದ್ರೆ ಯಾಕೆ ಹೇಳಬಾರದು ಅಂತ ಕೇಳಿದ್ಯಾ?"

ನಿಂಬೆ ಹೋಳು ಚಿಂದಿಯಾಗಿತ್ತು. ಅವಳು ಹೆದರಿದ್ದಂತೆ ಅವನು ಕಳ್ಳನಾಗಿರಲಿಲ್ಲ. ಅದು ಇನ್ನೂ ಕೆಟ್ಟದೆನಿಸಿತು ಅವಳಿಗೆ. ಕಳ್ಳನಿಗಾದರೂ ತಾನು ಏನು ಹೊತ್ತೊಯ್ಯುತ್ತಿದ್ದೇನೆಂದು ಗೊತ್ತಿರುತ್ತದೆ. ಇವನು ಚೀಲದ ಬಾಯಿ ಹಿಡಿದು ನಿಂತವನು. ಒಳಗೆ ಬೀಳುತ್ತಿರುವುದು ಊರ ಹೆಂಗಸರ ನಿದ್ದೆ ಎಂದು ಬಗ್ಗಿ ನೋಡಲಿಲ್ಲ. ತಾನೇನು ನೋಡಿದ್ದೆ? ಜನವರಿಯ ಹಿಮದ ಬೆಳಗು ಎಂದು ಕವಿತೆ ಕಟ್ಟುತ್ತ ಕೂತಿದ್ದೆ.

*

ಲುಡ್ವಿಕಾ ಮೊದಲು ಮಾಡಿದ್ದು ಪ್ರಯೋಗಾಲಯದವರಿಗೇ ಹೊಳೆಯುವಂಥ ಉಪಾಯ. ತೀಕ್ಷ್ಣ ನೀಲಿ ಬೆಳಕಿನ ಮುಂದೆ ಕೆಲಸ ಮಾಡುವಾಗ ಹಾಕಿಕೊಳ್ಳುವ ಕಿತ್ತಳೆ ಬಣ್ಣದ ಕನ್ನಡಕಗಳು ಅಲ್ಲಿ ರಾಶಿ ಬಿದ್ದಿದ್ದವು. ನೀಲಿಯನ್ನೂ ಸಮುದ್ರದ ಬಣ್ಣವನ್ನೂ ಅವು ಒಳಗೇ ಬಿಡುವುದಿಲ್ಲ. ಒಂದು ಚೀಲದಷ್ಟು ತಂದು ತಂಗಿಯ ಕೈಗಿಟ್ಟಳು.

"ನಿಮ್ಮ ಸಾಲಿನವ್ರೆಲ್ಲ ಹಾಕ್ಕೊಳ್ಳಿ. ಯಾರಾದ್ರೂ ಕೇಳಿದ್ರೆ ಕಣ್ಣುರಿ ಅನ್ನಿ."

ಉಪಾಯ ಫಲಿಸಿತು. ಬೋಗ್ನಾ ಮತ್ತೆ ಬೂಟು ಕಳಚುವಷ್ಟರಲ್ಲಿ ಮಲಗತೊಡಗಿದಳು. ಗೊರಕೆ ಗೋಡೆಯಾಚೆ ಕೇಳಿದಾಗ ಲುಡ್ವಿಕಾ ಒಲೆಯ ಮುಂದೆ ನಿಂತು ತನ್ನಷ್ಟಕ್ಕೇ ನಕ್ಕಳು. ಯಂತ್ರಕ್ಕೂ ಕಂಪನಿಗೂ ಒಟ್ಟಿಗೇ ಮಣ್ಣು ಮುಕ್ಕಿಸಿದೆನೆಂಬ ಹೆಮ್ಮೆ. ಆ ಹೆಮ್ಮೆ ಭಾನುವಾರದ ಪೂಜೆಯವರೆಗೂ ಬಾಳಲಿಲ್ಲ.

ಕಡಲ ತೀರದ ಗ್ದೀನ್ಯಾಗೆ ಹೋಗುವ ಪಾರ್ಸೆಲಿಗೆ ನೀಲಿ ಚೀಟಿ, ಬೆಟ್ಟದ ಕಡೆಯ ಕ್ರಾಕುಫ್‌ಗೆ ಹೋಗುವುದಕ್ಕೆ ಕಪ್ಪು ಚೀಟಿ. ಕಿತ್ತಳೆ ಗಾಜಿನ ಹಿಂದಿನಿಂದ ನೀಲಿಯೂ ಕಪ್ಪೇ. ಕಡಲ ಕಡೆ ಹೋಗಬೇಕಾದ್ದೆಲ್ಲ ಬೆಟ್ಟದ ಕಡೆ ಹೋಯಿತು. ಯಾರದೋ ಮದುವೆಯ ಬೂಟು, ಯಾರದೋ ಔಷಧಿ, ಯಾರದೋ ಮೀನುಬಲೆ. ಇಡೀ ಸಾಲಿಗೆ ಎಚ್ಚರಿಕೆ ಕೊಟ್ಟರು, ಕನ್ನಡಕ ಕಿತ್ತುಕೊಂಡರು. ಇನ್ನೊಮ್ಮೆ ಹೀಗಾದರೆ ಗೇಟಿನ ಹೊರಗೆ ಎಂದರು.

ಬಣ್ಣವನ್ನೇ ಉಂಡು ಬಣ್ಣವನ್ನೇ ಹೊದೆಯುವ ಹೆಂಗಸು ಇಷ್ಟನ್ನು ಯೋಚಿಸಿರಲಿಲ್ಲ! ಪ್ರಯೋಗಾಲಯದಲ್ಲಿ ಪುಡಿಯ ಡಬ್ಬಿಗಳ ಮೇಲೆ ಬರೆಯುವುದೆಲ್ಲ ಕಪ್ಪು ಶಾಯಿಯಲ್ಲಿ. ಬಣ್ಣ ಹೇಳಲು ಮೀಟರು ಇದೆ. ಕನ್ನಡಕ ಹಾಕಿಕೊಂಡು ಬಣ್ಣ ವಿಂಗಡಿಸಿ ಅನ್ನ ತಿನ್ನುವವರು ಅಲ್ಲಿ ಯಾರೂ ಇರಲಿಲ್ಲ.

"ನಿನ್ನ ಕನ್ನಡಕ ನಿನ್ನ ಲ್ಯಾಬಿಗೆ ಸರಿ ಅಕ್ಕಾ" ಎಂದು ಬೋಗ್ನಾ ಬೂಟನ್ನು ಗೋಡೆಗೆ ಎಸೆದಳು. "ದೀಪ ಕೆಟ್ಟದ್ದು ಅಂತ ಗೊತ್ತಿತ್ತಲ್ವಾ ನಿಂಗೆ? ದೀಪ ಬದಲಾಯಿಸೋದು ಬಿಟ್ಟು ನಮ್ಮ ಕಣ್ಣು ಬದಲಾಯಿಸೋಕೆ ಬಂದ್ಯಲ್ಲ!"

"ಸದ್ದಿಲ್ಲದೇ ಮುಗಿಸೋಣ ಅಂತ..."

"ಹೂಂ, ಸದ್ದಿಲ್ಲದೇ. ಅವ್ರೂ ಸದ್ದಿಲ್ಲದೇನೇ ಹಾಕಿದ್ದು."

ಲುಡ್ವಿಕಾ ಬೂಟನ್ನು ಎತ್ತಿ ಜೋಡಿಯ ಪಕ್ಕ ಇಟ್ಟಳು. ಬಗ್ಗಿದವರ ಬೆನ್ನಿಗೇ ಮತ್ತೊಂದು ಗುದ್ದು. ಹೊಲಿಗೆ ಯಂತ್ರ ಬೆರಳು ಚುಚ್ಚಿದರೆ ಬೆರಳಿಗೆ ಟೋಪಿ ಹಾಕು, ಹೊಗೆ ಎದೆ ಸುಟ್ಟರೆ ಮೂಗಿಗೆ ಬಟ್ಟೆ ಕಟ್ಟು, ಬೆಳಕು ನಿದ್ದೆ ಕದ್ದರೆ ಕಣ್ಣಿಗೆ ಗಾಜು ಹಾಕು. ಒಂದು ನೂರು ವರ್ಷದಿಂದ ಒಡೆಯರು ಹೇಳುತ್ತ ಬಂದದ್ದನ್ನು ತಾನು ಅಕ್ಕರೆಯಿಂದ ಹೇಳಿದ್ದೆ, ಅಷ್ಟೇ ವ್ಯತ್ಯಾಸ.

"ಬುಧವಾರ ಪಾಳಿ ಮುಗಿಸಿಕೊಂಡು ಸೀದಾ ನನ್ನ ಲ್ಯಾಬಿಗೆ ಬಾ" ಅಂದಳು ಕೊನೆಗೆ. "ಕಂಪನಿಯವರು ಬರ್ತಾರೆ."

"ನಾನ್ಯಾಕೆ? ಅವ್ರಿಗೆ ಕೇಕು ಹಂಚೋಕಾ?"

"ಬಾಯಿ ಬಿಡೋಕೆ."

*

ಬುಧವಾರ ಸೆವೆರಿನ್ ಬಂದ. ಬೂದು ಕೋಟು, ಒಳ್ಳೆಯ ಬೂಟು, ಸಿಕ್ಕಿದ ಹೆಂಗಸರ ಕೈಗೆಲ್ಲ ಬಗ್ಗಿ ಮುತ್ತಿಡುವ ಹಳೇ ಕಾಲದ ಮರ್ಯಾದೆ. ಲುಡ್ವಿಕಾಳ ಕೈಗೂ ಮುತ್ತಿಟ್ಟ. ಮೂಲೆಯಲ್ಲಿ ನಿಂತಿದ್ದ, ಬೊಕ್ಕೆಯ ಕೈಯ, ಗೋದಾಮಿನ ಜಾಕೆಟ್ಟಿನ ಬೋಗ್ನಾಳನ್ನು ನೋಡಿ ಮುತ್ತಿಗೆ ಚಾಚಿದ ತುಟಿಯನ್ನು ಹಿಂದಕ್ಕೆಳೆದುಕೊಂಡ.

"ಇವರು?"

"ನನ್ನ ತಂಗಿ. ನೋಡೋಕೆ ಬಂದಿದಾಳೆ" ಅಂದಳು ಲುಡ್ವಿಕಾ.

"ಬರ್ಲಿ ಬರ್ಲಿ, ಬೆಳಕೇನು ನಮ್ಮಪ್ಪನ ಮನೆಯದ್ದಾ" ಎಂದರು ಪ್ರೊಫೆಸರರು. ಅವರಿಗೆ ಆ ದಿನ ಖುಷಿ. ಕುನೆಗುಂದಾಳನ್ನು ಬುಟ್ಟಿಗಟ್ಟಲೆ ಬೇಯಿಸಲು ಒಪ್ಪಿಗೆಯಾಗಿ, ಎಲ್ಲ ಗೋದಾಮುಗಳಿಗೂ ದೀಪ ಹೋಗುವ ದಿನ. ಇದೇ ಕುಲುಮೆಯಲ್ಲಿ, ಇದೇ ಲುಡ್ವಿಕಾಳ ಕೈಯಿಂದ.

ಕತ್ತಲೆ ಕೋಣೆಯ ಬಾಗಿಲು ಹಾಕಿದರು. ಸ್ಟೂಲುಗಳು ಕಿರುಗುಟ್ಟಿ ಸುಮ್ಮನಾದವು. ಕಣ್ಣು ಕತ್ತಲೆಗೆ ಪಳಗುವವರೆಗೆ ಉಸಿರುಗಳು ಮಾತ್ರ. ಆಮೇಲೆ ಕುನೆಗುಂದಾ ಹೊತ್ತಿದಳು.

"ನಾರುಬಟ್ಟೆ" ಅಂದರು ಪ್ರೊಫೆಸರರು ರೂಢಿಯಂತೆ.

"ಅಪ್ಪಟ ಹಗಲು, ನಮ್ಮ ಪಾನ್ ಕೊರ್ದಿಯಾನ್ ಹೇಳೋ ಹಾಗೆ" ಅಂದ ಸೆವೆರಿನ್.

ಕೊರ್ದಿಯಾನ್ ಸ್ಟೂಲಿನ ಮೇಲೆ ತಲೆ ತಗ್ಗಿಸಿದ.

"ಮೂಲೆಯಲ್ಲಿ ಕೂತಿರೋ ಪಾನಿ, ನೀವು ಹೇಳ್ಬೇಕಲ್ಲ" ಎಂದರು ಪ್ರೊಫೆಸರರು. "ಇಲ್ಲಿ ಹೇಳದೇ ಹೊರಗೆ ಬಿಡಲ್ಲ. ಇದ್ರಲ್ಲಿ ಸರಿ ತಪ್ಪು ಅಂತಿಲ್ಲ. ಕಂಡದ್ದು ಹೇಳಿ."

ಬೋಗ್ನಾ ದೀಪವನ್ನು ನೋಡುತ್ತಲೇ ಇದ್ದಳು. ಆ ಬೆಳಕಿನಲ್ಲಿ ಅವಳ ಮುಖ ನೀರಿನಿಂದ ಎತ್ತಿದ ಹೆಣದಂತಿತ್ತು.

"ಇವಳೇ" ಅಂದಳು.

"ಏನಂದ್ರಿ?"

"ನಮ್ಮ ಸಾಲಿನ ತಲೆ ಮೇಲೆ ನೇತಾಡೋಳು ಇವಳೇ. ಬೆಳಗಿನ ಜಾವ ಆಗೋ ಹೊತ್ತಿಗೆ ನಾವೆಲ್ಲ ಸತ್ತಿರ್ತೀವಿ, ಸ್ವಾಮಿ, ಆದ್ರೂ ಕೈ ಆಡ್ತಿರುತ್ತೆ. ಇವಳು ಆಡಿಸ್ತಾಳೆ. ಮನೆಗೆ ಹೋಗಿ ಮಲಗಿದ್ರೆ ಜೊತೆಗೇ ಬಂದು ರೆಪ್ಪೆ ಒಳಗೆ ಕೂತಿರ್ತಾಳೆ. ನಮ್ಮ ಪಕ್ಕದ ಜೋವಿತಾ ತನ್ನ ಮಗು ಹೆಸರು ಮರೆತ್ಳು ಮೊನ್ನೆ. ನಾನು ಕುದಿಯೋ ನೀರು ಸುರ್ಕೊಂಡೆ. ಬಣ್ಣ ಹೇಳಿ ಅಂದ್ರಲ್ಲ, ಬಣ್ಣ ನಂಗೆ ಗೊತ್ತಾಗಲ್ಲ. ಕೋಲಿಂದ ತಿವಿದ ಹಾಗಿದೆ. ಎತ್ತಿಗೆ ತಿವೀತಾರಲ್ಲ, ಹಾಗೆ."

ಸೆವೆರಿನ್ ಗಂಟಲು ಸರಿಮಾಡಿಕೊಂಡು ನಕ್ಕ. "ಪಾನಿ ದಣಿದಿದಾರೆ. ರಾತ್ರಿಪಾಳಿ ಅಂದ್ರೆ ದಣಿವು ಇದ್ದದ್ದೇ. ದೀಪ ಬರೋಕೆ ಮುಂಚೆನೂ ದಣೀತಿದ್ರು."

"ದಣೀತಿದ್ವಿ. ಮಲಗ್ತಾನೂ ಇದ್ವಿ" ಅಂದಳು ಬೋಗ್ನಾ. "ನಿಮ್ಮ ಮಲಗೋ ಕೋಣೇಲಿ ಯಾವ ದೀಪ ಸ್ವಾಮಿ? ಇವಳನ್ನ ಹಾಕ್ಕೊಂಡಿದೀರಾ?"

ಸೆವೆರಿನ್‌ನ ಬೂಟು ಒಮ್ಮೆ ನೆಲಕ್ಕೆ ತಿಕ್ಕಿತು.

"ಕೊರ್ದಿಯಾನ್" ಎಂದರು ಪ್ರೊಫೆಸರರು. ಅವರ ದನಿಯ ಖುಷಿ ಆರಿಹೋಗಿತ್ತು. "ನಿನ್ನ ಸರದಿ."

"ನಾನು... ನನಗೆ ಕಂಡದ್ದಾ?"

"ಕಂಡದ್ದು."

ಕೊರ್ದಿಯಾನ್ ಎದ್ದು ನಿಂತ. ಕತ್ತಲೆಯಲ್ಲಿ ಎದ್ದು ನಿಲ್ಲುವ ಕಟ್ಟಳೆ ಏನೂ ಇರಲಿಲ್ಲ. "ಅಜ್ಜಿಗೆ ಒಳ್ಳೇ ಬಿಳುಪು ಹುಡುಕು ಅಂತ ನಾವು ಹೇಳಲಿಲ್ಲ ಪ್ರೊಫೆಸರ್ರೇ. ಅರ್ಧ ಅಂಕ ಇಟ್ಟಿದ್ದು ಜನಾನ ಎಷ್ಟು ಎಬ್ಬಿಸಿಡುತ್ತೆ ಅನ್ನೋದಕ್ಕೆ. ಅದು ಕಂಪನಿ ಕೊಟ್ಟಿದ್ದು. ಡಾಕ್ಟರ್‌ಗಳಿಗೆ ಅಂದ್ರು. ನಾನು ತಿರುಗಿಸಿ ಕೇಳಲಿಲ್ಲ. ನಿಮಗೂ ಹೇಳಲಿಲ್ಲ."

"ಅದು ಒಪ್ಪಂದದ ಗುಟ್ಟು" ಸೆವೆರಿನ್‌ನ ಮಾತು ಈಗ ಮುತ್ತಿಡುವವನ ಮಾತಾಗಿರಲಿಲ್ಲ. "ಈ ಕೋಣೆಯಿಂದ ಹೊರಗೆ ಹೋದ್ರೆ ಚೆನ್ನಾಗಿರಲ್ಲ. ಕಾನೂನಿನಲ್ಲಿ ಯಾವ ತಪ್ಪೂ ಇಲ್ಲ ಇದ್ರಲ್ಲಿ."

"ತಪ್ಪಿಲ್ಲದಿದ್ರೆ ಗುಟ್ಟು ಯಾಕೆ? ಅದಕ್ಕೇ ಅನುಮಾನ" ಅಂದಳು ಲುಡ್ವಿಕಾ. "ನಾನು ಇದನ್ನ ಬೇಯಿಸಲ್ಲ. ಕುಲುಮೆ ಇವತ್ತು ಆರಿಸಿದೀನಿ. ಅಪೊಲೋನಿಯಾ ಬೇಕಾದ್ರೆ ಹೇಳಿ, ನಾಳೆಯಿಂದ್ಲೇ ಹಚ್ತೀನಿ."

"ಬೇರೆ ಕಡೆ ಬೇಯಿಸ್ತಾರೆ, ಪಾನಿ ಡಾಕ್ಟರ್. ಬೆರಕೆ ನಮ್ಮ ಹತ್ರ ಇದೆ."

"ಬೇಯಿಸಿ. ಇದರ ಹೊಟ್ಟೇಲಿ ಗಾಳಿ ಒಂದು ಗುಟುಕು ಹೆಚ್ಚಾದ್ರೂ ಬೆಳಕು ಸಾಯುತ್ತೆ. ಕಲೀತಾರೆ, ಕಲೀಲಿ. ಅಷ್ಟರಲ್ಲಿ ಗೋದಾಮಿನ ಎಲ್ಲಾ ಸಾಲಿಗೂ ಇದು ಏನು ಅಂತ ಗೊತ್ತಾಗಿರುತ್ತೆ. ಬೋಗ್ನಾ ಹೇಳ್ತಾಳೆ. ನಾನೂ ಗೇಟಿನ ಮುಂದೆ ನಿಂತು ಹೇಳ್ತೀನಿ, ಡಾಕ್ಟರ್ ಅನ್ನೋ ಬಿರುದನ್ನೂ ಸೇರಿಸಿ."

ಪ್ರೊಫೆಸರರು ಮೀಟರಿನ ಗುಂಡಿಯ ಮೇಲೆ ಬೆರಳಿಟ್ಟರು. ಕುಲುಮೆ ಆರಿದರೆ ಅವರ ಮುದಿ ವಯಸ್ಸಿನ ಗೆಲುವೂ ಆರುತ್ತದೆ. ಅದು ಲುಡ್ವಿಕಾಗೆ ಗೊತ್ತಿತ್ತು. ಹಾಗಾಗಿ ಆ ಬೆರಳನ್ನೇ ನೋಡುತ್ತ ಕಾದಳು.

"ಮೀಟರು ಹಾಕೋದು ಬೇಡ" ಅಂದರು ಕಡೆಗೆ. "ನೋಡಿದವರು ಹೇಳಾಯ್ತು. ಇವಳನ್ನ ಆರಿಸಿ. ಅಪೊಲೋನಿಯಾ ಹಚ್ಚಿ, ಒಂದ್ಸಲ ನೋಡೋಣ."

ಕುನೆಗುಂದಾ ಆರಿದಳು. ರೈ ರೊಟ್ಟಿಯ ಬಿಳುಪು ಮೆಲ್ಲಗೆ ಕೋಣೆಗೆ ಬಂತು. ಮನುಷ್ಯರ ಕೈಗಳು ಮನುಷ್ಯರ ಕೈಗಳಾದವು. ಪ್ರೊಫೆಸರರೂ ಸೆವೆರಿನ್‌ನೂ ಒಪ್ಪಂದದ ಮಾತಿಗೆ ಬಿದ್ದರು. ಯಾರು ಯಾರಿಗೆ ಏನು ಕೊಡಬೇಕು, ಯಾವ ಪದದ ಅರ್ಥ ಏನು, ದೀಪ ಇಳಿಸಿದರೆ ಗೋದಾಮಿನವರಿಗೆ ಏನು ಹೇಳುವುದು. ಕೊರ್ದಿಯಾನ್ ನಡುನಡುವೆ ಇಲ್ಲ, ಹಾಗಲ್ಲ ಎನ್ನುತ್ತಿದ್ದ, ಮೊದಲ ಬಾರಿಗೆ ಗಟ್ಟಿಯಾಗಿ.

"ಆ ಸಾಲಿನ ದೀಪ ಸದ್ಯಕ್ಕೆ ಇಳಿಸ್ತೀವಿ. ಸದ್ಯಕ್ಕೆ" ಅಂದ ಸೆವೆರಿನ್. "ಈಗ ದೊಡ್ಡ ಲೈಟು ಹಾಕಿ. ಕತ್ತಲಲ್ಲಿ ವ್ಯವಹಾರ ಮಾತಾಡೋದು ನನಗೆ ಅಭ್ಯಾಸ ಇಲ್ಲ."

ಅವನ ಕೈ ಸ್ವಿಚ್ಚಿನತ್ತ ಹೋಯಿತು. ಅಲ್ಲಿ ಆಗಲೇ ಒಂದು ಅಂಗೈ ಇತ್ತು. ಲುಡ್ವಿಕಾಳದು.

"ಇಷ್ಟು ದಿನ ಕತ್ತಲಲ್ಲೇ ಮಾತಾಡಿದೀರಿ" ಅಂದಳು ಪಿಸುದನಿಯಲ್ಲಿ. "ಇನ್ನೂ ಸ್ವಲ್ಪ ಹೊತ್ತು ಮಾತಾಡಿ. ಮೆಲ್ಲಗೆ. ಇಳಿಸಿದ್ದು ನಿಜವೋ ಸುಳ್ಳೋ ನಾನು ಸಂಜೆ ಗೇಟಿಗೆ ಬಂದು ನೋಡ್ಕೋತೀನಿ. ನನ್ನ ಹತ್ರ ಕೊಳವೆ ಇದೆ."

ಮೂಲೆಯ ಸ್ಟೂಲಿನ ಮೇಲೆ ಬೋಗ್ನಾ ಗೋಡೆಗೆ ತಲೆ ಆನಿಸಿ, ಸುಟ್ಟ ಕೈಯನ್ನು ಮಡಿಲಲ್ಲಿಟ್ಟುಕೊಂಡು, ಬಾಯಿ ತೆರೆದು ಗೊರಕೆ ಹೊಡೆಯುತ್ತಿದ್ದಳು.